ಕೂರದ ಚೇಂಬರು, ಕಡಿದ ಸಂಬಳ

(ಕೊಂಡಾಪುರದಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳು)



ಹೋಟೆಲಿನವರೂ ಮಿಲ್ಲಿನವರೂ ಸೇರಿರುವ ಸಭೆಯಲ್ಲಿ ಮೋಟಾರಿನ ಮಾತೇಕೆ ಎಂದು ತಾವು ಕೇಳಬಹುದು. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಈ ಸುತ್ತಿನಲ್ಲಿ ಕಾರು ಹೆಚ್ಚಿದವು, ಗ್ಯಾರೇಜೂ ಹೆಚ್ಚಿದವು. ನಮ್ಮ ಹುಡುಗರು ಕೆಲವರು ಟೇಬಲ್ ಒರೆಸುವುದು ಬಿಟ್ಟು ಸ್ಪ್ಯಾನರು ಹಿಡಿದಿದ್ದಾರೆ. ಅವರು ತರುವ ದೂರು ಒಂದೇ: ಹೊಸ ಚೇಂಬರು ಕೂರಲಿಲ್ಲ, ಎಂಜಿನು ಹಿಡಿದುಕೊಂಡಿತು, ಯಜಮಾನರು ಸಂಬಳದಲ್ಲಿ ಹಿಡಿದರು.

ಚೇಂಬರೆಂದರೆ ಎಂಜಿನಿನ ತಳದಲ್ಲಿರುವ ಎಣ್ಣೆಯ ತೊಟ್ಟಿ. ಅದರೊಳಗೆ ಜಾಲರಿಯ ಮೂತಿ ಇಳಿಬಿಟ್ಟು ಪಂಪು ಎಣ್ಣೆಯನ್ನು ಮೇಲಕ್ಕೆ ಹೀರುತ್ತದೆ. ತುಂಬಿದ ಸಾಂಬಾರಿನ ಬಕೀಟು ಹಿಡಿದು ಗಕ್ಕನೆ ತಿರುಗಿದವರಿಗೆ ಸಾಂಬಾರು ಯಾವ ಕಡೆ ನುಗ್ಗುತ್ತದೆಂದು ಹೇಳಿಕೊಡಬೇಕಾಗಿಲ್ಲ. ವೇಗದ ಕಾರು ತಿರುವಿನಲ್ಲಿ ಹೋಗುವಾಗ ಎಣ್ಣೆಯೂ ಹಾಗೆಯೇ ನುಗ್ಗುತ್ತದೆ, ಮೂತಿಗೆ ಎಣ್ಣೆಯ ಬದಲು ಗಾಳಿ ಸಿಗುತ್ತದೆ, ಬೇರಿಂಗು ಸುಡುತ್ತದೆ. ಇದನ್ನು ತಡೆಯಲೆಂದೇ ಶೋಕಿಯ ಕಾರಿನವರು ಕಂಪನಿಯ ತಗಡಿನ ಚೇಂಬರು ತೆಗೆಸಿ, ಒಳಗೆ ಅಡ್ಡತಗಡು ಇರತಕ್ಕ ದೊಡ್ಡ ಅಲ್ಯೂಮಿನಿಯಂ ಚೇಂಬರು ಹಾಕಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಹೊರಗಿನವನು ಎರಕ ಹೊಯ್ದ ಮಾಲು ಎಲ್ಲ ಎಂಜಿನಿಗೂ ಹೊಂದೀತೇ?

ಬೋಲ್ಟಿನ ತೂತು ಕೂದಲೆಳೆಯಷ್ಟು ಸರಿದಿರುತ್ತದೆ. ಅಂಚು ಸಮತಟ್ಟಾಗಿರುವುದಿಲ್ಲ. ಕೆಳಗಿನ ಅಡ್ಡದೂಲಕ್ಕೋ ಹೊಗೆ ಕೊಳವೆಗೋ ತಾಗುತ್ತದೆ. ಸೋರಬಾರದೆಂದು ಹುಡುಗ ಸಿಲಿಕಾನ್ ಅಂಟನ್ನು ಧಾರಾಳವಾಗಿ ಬಳಿದರೆ, ಹೆಚ್ಚಾದದ್ದು ಒಳಗೆ ಉದುರಿ ಜಾಲರಿ ಕಟ್ಟಿಕೊಳ್ಳುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದು ಹೊರಗೆ ಕಾಣದ ತಪ್ಪು, ಅಂದರೆ ಆಳದ ತಪ್ಪು. ಮೂತಿ ತಳಕ್ಕೆ ಅಂಟಿದರೂ ಎಣ್ಣೆ ಏರದು, ಬಹಳ ಮೇಲೆ ನಿಂತರೂ ಏರದು. ಅನೇಕ ಎಂಜಿನುಗಳಲ್ಲಿ ಈ ಸಂದು 6ರಿಂದ 10 ಮಿಲಿಮೀಟರು. ಆಯಾ ಎಂಜಿನಿನ ಪುಸ್ತಕ ಹೇಳಿದ್ದೇ ಪ್ರಮಾಣ.

ಅಳೆಯುವುದು ಕಷ್ಟವಲ್ಲ. ಮೂತಿಗೆ ಮೆತ್ತನೆಯ ಜೇಡಿಯ ಉಂಡೆ ಅಂಟಿಸಿ, ಗ್ಯಾಸ್ಕೆಟ್ಟು ಇಟ್ಟು, ಅಂಟು ಹಚ್ಚದೆ ಚೇಂಬರು ಕೂರಿಸಿ ತೆಗೆಯಿರಿ. ಒತ್ತಿದ ಜೇಡಿಯ ದಪ್ಪವೇ ಸಂದು. (ಚಪಾತಿ ಹಿಟ್ಟಾದರೂ ಆದೀತು, ಅದರಲ್ಲಿ ನಾವು ಪಳಗಿದವರೇ.) ಗುರುತೂ ಉಳಿಯದಂತೆ ಒರೆಸಿ, ಬೋಲ್ಟು ಕೈಬಿಗಿ ಮಾಡಿ, ಎಂಜಿನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ. ಕ್ರ್ಯಾಂಕು ಅಡ್ಡತಗಡಿಗೆ ಬಡಿಯುವುದಾದರೆ ಅಲ್ಲಿಯೇ ತಿಳಿಯುತ್ತದೆ. ಆಳದ ಚೇಂಬರು ರಸ್ತೆಗೆ ಹತ್ತಿರ, ಅದನ್ನೂ ಗ್ರಾಹಕನಿಗೆ ಹೇಳಿಬಿಡಿ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ್‍ಯಾಲಿ ಓಡಿಸುವವರು ಚೇಂಬರಿನ ಕೆಳಗೆ ದಪ್ಪ ತಗಡು ಕಟ್ಟಿಕೊಂಡು ಹೋಗುತ್ತಾರೆ. ನಮ್ಮ ಉಬ್ಬುರಸ್ತೆಯಲ್ಲಿ ಓಡುವ ಶೋಕಿ ಕಾರಿಗೆ ಎಷ್ಟೋ ಸಲ ಅದೂ ಇಲ್ಲ.

ತೊಡಿಸುವ ಮೊದಲೇ ಹೊಂದದೆಂದು ಕಂಡರೆ ಕೈ ನಿಲ್ಲಿಸಿ, ಮೇಸ್ತ್ರಿಯನ್ನು ಕರೆದು ತೋರಿಸಿ, ಫೋನಿನಲ್ಲಿ ಚಿತ್ರ ತೆಗೆದಿಡಿ. ಯಜಮಾನರು "ಹಾಕು, ನಡೆಯುತ್ತದೆ" ಎಂದರೆ ಆ ಮಾತು ಅವರದು, ನಷ್ಟವೂ ಅವರದು.

ಗ್ಲಾಸು ಒಡೆದ ಬಾಬ್ತು ಸಂಬಳದಲ್ಲಿ ಹಿಡಿಯುವ ಪದ್ಧತಿ ನಮಗೆ ಹೊಸದಲ್ಲ. ಅದು ಯಜಮಾನರ ಮನಸ್ಸಿಗೆ ಬಿಟ್ಟದ್ದೂ ಅಲ್ಲ. 1936ರ ವೇತನ ಪಾವತಿ ಕಾನೂನಿನಲ್ಲಿದ್ದ ನಿಯಮವನ್ನೇ 2019ರ ವೇತನ ಸಂಹಿತೆಯೂ ಹೇಳುತ್ತದೆ: ಆಳಿನ ವಶಕ್ಕೆ ಒಪ್ಪಿಸಿದ ಮಾಲಿಗೆ ಅವನ ಅಲಕ್ಷ್ಯದಿಂದಲೇ ನೇರವಾಗಿ ಹಾನಿಯಾಗಿರಬೇಕು, ಅವನ ಸಮಜಾಯಿಷಿ ಕೇಳಿರಬೇಕು, ಹಿಡಿದ ಹಣ ನಷ್ಟವನ್ನು ಮೀರಬಾರದು, ರಿಜಿಸ್ಟರಿನಲ್ಲಿ ದಾಖಲಾಗಬೇಕು. ಎರಕ ಹೊಯ್ದವನ ತಪ್ಪು ಬೋಲ್ಟು ಬಿಗಿದವನ ಅಲಕ್ಷ್ಯ ಹೇಗಾದೀತು?

ಕಾರು ಕೊಂಡವನಿಗೂ ದಾರಿಯಿದೆ. 2019ರ ಗ್ರಾಹಕ ರಕ್ಷಣಾ ಕಾನೂನಿನಂತೆ, ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸು ತೆಗೆದುಕೊಂಡು ಹಣ ಕೊಡೆನೆನ್ನುವುದು ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅಷ್ಟೇ. ಆದಕಾರಣ ರಾಣಿಗಂಜಿನಲ್ಲಿ ಕೊಂಡರೂ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದರೂ ಬಿಲ್ಲು ಕೇಳಿ. ದೂರಿಗೆ 1915ಕ್ಕೆ ಫೋನು ಮಾಡಬಹುದು. ನಷ್ಟ ಅಂಗಡಿಯ ಕಡೆಗೆ ಹತ್ತಬೇಕು, ಹುಡುಗನ ಕಡೆಗೆ ಇಳಿಯಬಾರದು.

ಈ ಬಾಬ್ತು ಯಾರ ಸಂಬಳದಲ್ಲಾದರೂ ಹಿಡಿದಿದ್ದರೆ, ಸಂಬಳದ ಚೀಟಿ ತೆಗೆದುಕೊಂಡು ಸಭೆ ಮುಗಿದೊಡನೆ ಕಾರ್ಯದರ್ಶಿಗಳನ್ನು ಕಾಣಿರಿ. ಚೀಟಿ ಕೊಡುವುದಿಲ್ಲ ಎನ್ನುವವರು ಮೊದಲು ಬನ್ನಿ. ಅರ್ಜಿ ಬರೆದುಕೊಡಲು ಇಬ್ಬರು ಕುಳಿತಿರುತ್ತಾರೆ.