ಡೋಣಿ ದಂಡೆಯ ಜಾಲಿ ಮತ್ತು ನಮ್ಮ ಒಲೆ
(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



"ಡೋಣಿ ಬೆಳೆದರೆ ಓಣಿಯೆಲ್ಲ ಕಾಳು" ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಡೋಣಿ ನದಿ ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ನಮ್ಮ ತಿಕೋಟಾ, ಬಬಲೇಶ್ವರ ಭಾಗದ ಎರೆಹೊಲಗಳ ನಡುವೆ ಹರಿದು, ತಾಳಿಕೋಟೆ ದಾಟಿ ಕೃಷ್ಣೆಯನ್ನು ಸೇರುತ್ತದೆ. ಜೋಳ, ಕಡಲೆ ಕೊಟ್ಟ ಇದೇ ಡೋಣಿ ಇಂದು ಜೋರು ಮಳೆಯಾದರೆ ಸಾರವಾಡದ ಕಡೆ ಹೊಲಗಳಿಗೆ ನುಗ್ಗುತ್ತದೆ. ಯಾಕೆ ಹಿಂಗಾತು? ನದಿಯೊಳಗೆ ಹೂಳು ತುಂಬಿತು. ಹೂಳಿನ ಮೇಲೆ ಬಳ್ಳಾರಿ ಜಾಲಿ ಬೆಳೆಯಿತು. ಜಾಲಿಕಂಟಿ ನೀರನ್ನು ತಡೆದು ಮತ್ತಷ್ಟು ಹೂಳು ಹಿಡಿಯಿತು. ದಾರಿ ಸಿಗದ ನೀರು ಹೊಲಕ್ಕೆ ಬಂತು.

ಈ ಜಾಲಿ ನಮ್ಮ ನೆಲದ ಗಿಡವಲ್ಲ, ಅಮೆರಿಕ ಖಂಡದ್ದು. 1877ರಲ್ಲಿ ಜಮೈಕಾದಿಂದ ಇದರ ಬೀಜವನ್ನು ಮದರಾಸು ಪ್ರಾಂತಕ್ಕೆ ತರಿಸಿದರು, ಉರುವಲಿಗೆ ಆಗಲಿ ಎಂದು. ಆಡು, ದನ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಬಿತ್ತಿದವು. ದಸರೆಗೆ ನಾವು ಪೂಜಿಸುವ ಬನ್ನಿಯೂ ಇದರ ಬಳಗದ್ದೇ. ಆದರೆ ಬನ್ನಿಯ ಬುಡದಲ್ಲಿ ಬೆಳೆ ಬರುತ್ತದೆ, ಬಳ್ಳಾರಿ ಜಾಲಿಯ ಬುಡದಲ್ಲಿ ಹುಲ್ಲೂ ಸರಿಯಾಗಿ ಏಳುವುದಿಲ್ಲ.

"ಹಂಗಾದ್ರ ಎಲ್ಲಾ ಕಡದು ಒಗೀರಿ" ಎನ್ನುವವರಿದ್ದಾರೆ. ಆದರೆ "ಜಾಲಿ ಹೋದ್ರ ನಾಳಿ ಒಲಿಗೆ ಏನ್ ಹಚ್ಚೂಣ್ರಿ?" ಎಂದು ಒಬ್ಬ ತಾಯಿ ಕೇಳಿದರೆ ಏನು ಹೇಳುತ್ತೀರಿ? ಸಿಲಿಂಡರ್ ಇದ್ದರೂ ತುಂಬಿಸಲು ದುಡ್ಡಿಲ್ಲದ ಮನೆಗಳು ನಮ್ಮ ಸಂಘಗಳಲ್ಲೇ ಇವೆ. ಹೊಲ ಇದ್ದವರಿಗೆ ಜಾಲಿ ಕಾಟ, ಹೊಲ ಇಲ್ಲದವರಿಗೆ ಅದೇ ಉರುವಲು. ಇಬ್ಬರೂ ನಮ್ಮ ಸಭೆಯಲ್ಲಿ ಒಂದೇ ಜಮಖಾನೆಯ ಮೇಲೆ ಕೂಡುತ್ತಾರೆ. ಹೊಲ ಇಲ್ಲದ ತಾಯಿಯನ್ನು ಬಿಟ್ಟು ಮಾಡುವ ಕೆಲಸ ನಮಗೆ ಬೇಡ. ಅದಕ್ಕೇ ಒಮ್ಮೆಲೇ ಅಲ್ಲ, ವರ್ಷಕ್ಕೆ ಸ್ವಲ್ಪ ಸ್ವಲ್ಪ ದಂಡೆ ಹಿಡಿಯೋಣ.

ನಾವು ಮಾಡಬಹುದಾದ ಕೆಲಸಗಳು:

1. ನದಿಯ ಜಾಗ ಸರಕಾರದ್ದು. ಕೊಡಲಿ ಹಚ್ಚುವ ಮುಂಚೆ ಗ್ರಾಮಸಭೆಯಲ್ಲಿ ಕೇಳೋಣ, ಪಂಚಾಯಿತಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯೋಣ. ಕಡಿದ ಕಟ್ಟಿಗೆ ಮೊದಲು ಹೊಲ ಇಲ್ಲದ ಮನೆಗಳಿಗೆ ಸಿಗಲಿ ಎಂದು ಠರಾವಿನಲ್ಲೇ ಬರೆಸೋಣ.

2. ಮೇಲೆ ಕಡಿದರೆ ಜಾಲಿ ಸಾಯುವುದಿಲ್ಲ, ಒಂದು ಇದ್ದಲ್ಲಿ ಹತ್ತು ಚಿಗುರುತ್ತದೆ. ಬುಡದ ಸುತ್ತ ಅಗೆದು, ಒಂದು ಅಡಿ ಆಳದಲ್ಲಿ ಬೇರು ಕತ್ತರಿಸಿ ಕೀಳಬೇಕು. ಸಣ್ಣ ಸಸಿಗಳನ್ನು ಮಳೆಗೆ ನೆಲ ಹಸಿಯಾದಾಗ ಕಿತ್ತರೆ ಸುಲಭ.

3. ಕಾಯಿ ಹಣ್ಣಾಗಿ ಉದುರುವ ಮುಂಚೆ ಆರಿಸಿ. ಬೀಜ ಸಮೇತ ಪುಡಿ ಮಾಡದೆ ಆಡಿಗೆ ಹಾಕಬೇಡಿ.

4. ಕಿತ್ತ ಜಾಗ ಖಾಲಿ ಬಿಟ್ಟರೆ ಜಾಲಿಯೇ ಮತ್ತೆ ಬರುತ್ತದೆ. ಅದೇ ಮಳೆಗಾಲದಲ್ಲಿ ನೆಡಬೇಕು. ನೀರಿನ ಅಂಚಿಗೆ ಕರ್ಕಿ, ಲಕ್ಕಿ. ದಂಡೆಯ ಮೇಲೆ ಹೊಂಗೆ, ನಮ್ಮ ಕರಿಜಾಲಿ. ಇವೆರಡೂ ಸ್ವಲ್ಪ ಸವುಳು ನೆಲವನ್ನೂ ತಾಳುತ್ತವೆ. ಇನ್ನೂ ಮೇಲೆ ಬೇವು, ಹುಣಸೆ. ನೀರು ಹರಿಯುವ ಪಾತ್ರದೊಳಗೆ ಮಾತ್ರ ಏನೂ ನೆಡಬೇಡಿ.

5. ಸಸಿಗಳನ್ನು ಸಂಘವೇ ಬೆಳೆಸಬಹುದು. ಬೇವಿನ ಬೀಜ ಬಹಳ ದಿನ ಇಟ್ಟರೆ ಹುಟ್ಟುವುದಿಲ್ಲ, ಹಣ್ಣು ಬಿದ್ದ ವಾರದೊಳಗೆ ಚೀಲಕ್ಕೆ ಹಾಕಿ. ಉಳಿದ ಸಸಿಗಳಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ.

6. ಮೊದಲ ಎರಡು-ಮೂರು ವರ್ಷ ಆಡುಗಳಿಂದ ಕಾಯಬೇಕು. ಕಿತ್ತ ಜಾಲಿಯ ಮುಳ್ಳನ್ನೇ ಬೇಲಿ ಮಾಡಿ. ಆಡು ಕಾಯುವ ಅಕ್ಕಂದಿರನ್ನೂ ಸಭೆಗೆ ಕರೆಯಿರಿ.

ಮುಂದೆ ಕರಿಜಾಲಿ ದೊಡ್ಡದಾದ ಮೇಲೆ ಅದರ ಟೊಂಗೆಯೇ ಒಲೆಗೆ ಬರುತ್ತದೆ. ಅಲ್ಲಿಯವರೆಗೆ ಉಳಿದ ದಂಡೆಯ ಜಾಲಿ ಉರುವಲಿಗೆ ಇದ್ದೇ ಇರುತ್ತದೆ.

ವಾರವಾರದ ಉಳಿತಾಯದಿಂದ ಗಂಟು ಕಟ್ಟಿದವರು ನಾವು. ದಂಡೆಯನ್ನೂ ಹಾಗೇ ಕಟ್ಟೋಣ. ಮುಂದಿನ ಸಭೆಯಲ್ಲಿ ಇಷ್ಟು ಮಾತಾಡಿ ಬನ್ನಿ: ನಮ್ಮೂರ ಹಳ್ಳದ ಯಾವ ತುಂಡಿನಿಂದ ಸುರು ಮಾಡೋಣ? ಆ ಜಾಲಿಯನ್ನೇ ನಂಬಿದ ಮನೆಗಳು ಯಾವುವು?