ಭೇದಿ ಮಾತ್ರೆಯ ರೂಢಿ

(ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಾಚಿಕೆಯಿಂದ ನಾವು ಯಾರೂ ಬಾಯಿಬಿಟ್ಟು ಹೇಳದ ವಿಷಯವೊಂದನ್ನು ಇಂದು ಹೇಳಬೇಕಾಗಿದೆ. ಹೊಟ್ಟೆ ಕಟ್ಟಿತೆಂದು ಅಂಗಡಿಯಿಂದ ಭೇದಿ ಮಾತ್ರೆ ತಂದು ನುಂಗುತ್ತೇವೆ. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೊಂದು. ಕೊನೆಗೆ ಮಾತ್ರೆಯಿಲ್ಲದೆ ಆಗುವುದೇ ಇಲ್ಲವೆಂಬ ಸ್ಥಿತಿ ಬರುತ್ತದೆ.

ದಿನವೂ ಆಗಲೇಬೇಕೆಂಬ ನಿಯಮವಿಲ್ಲ. ದಿನಕ್ಕೆ ಮೂರು ಸಲ ಹೋಗುವವರೂ, ವಾರಕ್ಕೆ ಮೂರೇ ಸಲ ಹೋಗುವವರೂ ಆರೋಗ್ಯವಂತರಾಗಿರಬಹುದು. ಭೇದಿ ಔಷಧಿ ಕರುಳನ್ನು ಖಾಲಿ ಮಾಡಿದ ಮೇಲೆ ಅದು ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಮರುದಿನ ಆಗಲಿಲ್ಲವೆಂದು ಗಾಬರಿಯಿಂದ ಮತ್ತೆ ನುಂಗಿದರೆ ಇಲ್ಲದ ರೋಗಕ್ಕೆ ಔಷಧಿ ಕೊಟ್ಟಂತೆ. ರೂಢಿ ಬೆಳೆಯುವುದೇ ಹೀಗೆ.

ತಿರುನೆಲ್ವೇಲಿ ಕಡೆ ಬೆಳೆಯುವ ನೆಲಾವರಿಕೆ, ಹರಳೆಣ್ಣೆ, ಬಿಸಾಕೊಡಿಲ್ ಮಾತ್ರೆ ಇವೆಲ್ಲ ಕರುಳನ್ನು ಕೆರಳಿಸಿ ಕೆಲಸ ಮಾಡಿಸುತ್ತವೆ. ಸೊಪ್ಪಿನ ಔಷಧಿಯಲ್ಲವೇ, ದೋಷವೇನು ಎನ್ನಬೇಡಿ. ವೈದ್ಯರು ಹೇಳಿದ ಅಳತೆಯಲ್ಲಿ ಭಯವಿಲ್ಲ. ಅಳತೆ ಮೀರಿ ನೀರುನೀರಾಗಿ ಹೋಗುತ್ತಿದ್ದರೆ ಪೊಟ್ಯಾಸಿಯಂ ಎಂಬ ಲವಣವೂ ದೇಹದಿಂದ ಹೋಗುತ್ತದೆ. ಆಗ ಕೈಕಾಲು ಸೋಲುತ್ತವೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಎದೆಬಡಿತ ಏರುಪೇರಾಗುತ್ತದೆ. ಮುದುಕರಿಗೆ ಈ ಅಪಾಯ ಹೆಚ್ಚು. ಬಸುರಿಯರು ಹರಳೆಣ್ಣೆ ಕುಡಿಯಬಾರದು. ಹಿಂದೆ ಭೇದಿ ಮಾತ್ರೆಗಳಲ್ಲಿ ಬಹಳವಾಗಿ ಬಳಸುತ್ತಿದ್ದ ಫಿನಾಲ್ಫ್ತಲೀನ್ ಇಲಿಗಳಲ್ಲಿ ಗೆಡ್ಡೆ ತಂದಿತೆಂದು ಕಂಡು, 1999ರಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು.

ಇನ್ನು ನಮಗೆ ಹೊಟ್ಟೆ ಕಟ್ಟುವುದೇಕೆ? ನೀರು ಕುಡಿದರೆ ಹೊರಕಡೆಗೆ ಹೋಗಬೇಕಾದೀತು, ತೋಟದಲ್ಲಿ ಮರೆಯಿಲ್ಲ, ಮೇಸ್ತ್ರಿ ಏನೆಂದಾನೋ ಎಂದು ಎಲೆ ಕೀಳುವ ಹೆಂಗಸರು ಬಾಯಾರಿಕೆಯನ್ನೂ ತಡೆಯುತ್ತಾರೆ, ಮಲವನ್ನೂ ತಡೆಯುತ್ತಾರೆ. ತಡೆದಷ್ಟೂ ಕರುಳು ಮಲದ ನೀರನ್ನು ಹೀರಿ ಗಟ್ಟಿ ಮಾಡುತ್ತದೆ. ಇದು ಮಾತ್ರೆಯಿಂದ ವಾಸಿಯಾಗುವ ಕಾಯಿಲೆಯಲ್ಲ. ತೋಟಗಳಲ್ಲಿ ಕುಡಿಯುವ ನೀರು, ಕಕ್ಕಸು ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಇದನ್ನು ಒಬ್ಬೊಬ್ಬರಾಗಿ ಕೇಳಲು ನಾಚಿಕೆಯಾದರೆ ಎಲ್ಲರೂ ಸೇರಿ ಕೇಳಿರಿ. ಗಂಡಸರೂ ಜೊತೆಗೆ ನಿಲ್ಲಿರಿ.

ಮನೆಯಲ್ಲಿ ರಾಗಿ, ಸೊಪ್ಪು, ಅವರೆಕಾಳು, ಸೀಬೆಹಣ್ಣು ತಿನ್ನಿರಿ. ಬೆಳಿಗ್ಗೆ ಏನಾದರೂ ತಿಂದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿನಲ್ಲಿ ಅವಸರವಿಲ್ಲದೆ ಹೋಗಿರಿ. ಇಸಬಗೋಲು ತೆಗೆದುಕೊಂಡರೆ ತುಂಬು ಲೋಟ ನೀರು ಕುಡಿಯಿರಿ. ರಕ್ತಕ್ಕೆ ಕೊಡುವ ಕಬ್ಬಿಣದ ಮಾತ್ರೆಯಿಂದಲೂ ಹೊಟ್ಟೆ ಕಟ್ಟುವುದುಂಟು. ಅದನ್ನು ನೀವಾಗಿ ಬಿಡದೆ ಡಿಸ್ಪೆನ್ಸರಿಯಲ್ಲಿ ಹೇಳಿರಿ. ಬಹುಕಾಲ ಭೇದಿ ಮಾತ್ರೆ ನುಂಗಿದವರು ವೈದ್ಯರನ್ನು ಕೇಳಿ ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿರಿ. ಕರುಳು ತನ್ನ ಪದ್ಧತಿಗೆ ಬರಲು ಕೆಲವು ವಾರ ಹಿಡಿದೀತು.

ಮಲದಲ್ಲಿ ರಕ್ತ, ಮೈ ಇಳಿಯುವುದು, ನಲವತ್ತು ದಾಟಿದ ಮೇಲೆ ರೂಢಿ ಹಠಾತ್ತನೆ ಬದಲಾಗುವುದು ಇವು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿರಿ. ಹೊಟ್ಟೆನೋವಿನ ಜೊತೆ ವಾಂತಿಯಾದರೆ ಮಗುವಿಗಾಗಲಿ ದೊಡ್ಡವರಿಗಾಗಲಿ ಭೇದಿ ಔಷಧಿ ಕೊಡಲೇಬೇಡಿ. ಅದು ಕರುಳಿನ ತಡೆಯೋ, ಅಪೆಂಡಿಕ್ಸಿನ ಊತವೋ ಆಗಿದ್ದರೆ ಆ ಔಷಧಿಯೇ ಜೀವಕ್ಕೆ ಮುಳುವಾದೀತು.