ಒಂದು ಆಳು, ಒಂದು ಗಂಟೆ



ಮುಯ್ಯಾಳು ಪದ್ಧತಿ ನಿಮಗೆಲ್ಲ ಗೊತ್ತು. ಇವತ್ತು ಅವರು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ಅವರ ಗದ್ದೆಗೆ. ಅಲ್ಲಿ ಹಣವಿಲ್ಲ, ಆದರೆ ಲೆಕ್ಕ ಮಾತ್ರ ಪಕ್ಕಾ. ಇದನ್ನೇ ಇನ್ನೂ ಸಣ್ಣದಾಗಿ ಅಳೆದರೆ 'ಆಳು-ಗಂಟೆ'. ಅಂದರೆ ಒಬ್ಬರು ಒಂದು ಗಂಟೆಯಲ್ಲಿ ಮಾಡುವ ಕೆಲಸ. ಐದು ಜನ ಆರು ಗಂಟೆ ಕಳೆ ಕಿತ್ತರೆ 30 ಆಳು-ಗಂಟೆ. ಹತ್ತು ಜನ ಸೇರಿದರೆ ಅದೇ ಕೆಲಸ ಮೂರು ಗಂಟೆಯಲ್ಲಿ ಮುಗಿದೀತು. ಎಲ್ಲ ಕೆಲಸವೂ ಹೀಗೆ ಹಂಚಿ ಹೋಗೋದಿಲ್ಲ ಅನ್ನೋದೂ ನೆನಪಿರಲಿ. ಒಲೆಯ ಮುಂದೆ ಹತ್ತು ಜನ ನಿಂತರೂ ಅನ್ನ ಬೇಯುವ ಹೊತ್ತು ಕಡಿಮೆಯಾಗದು.

ಈಗ ಈ ಅಳತೆಯನ್ನು ಮನೆಯೊಳಗೆ ತನ್ನಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ; ಗಂಡಸರು 88 ನಿಮಿಷ. ಹೆಂಗಸರದ್ದು ವಾರಕ್ಕೆ ಸುಮಾರು 34 ಗಂಟೆ ಆಯಿತು. ಮಕ್ಕಳ, ವೃದ್ಧರ ಆರೈಕೆ ಇದರಲ್ಲಿ ಸೇರಿಲ್ಲ. ಆದರೂ "ಏನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರೆ "ಏನಿಲ್ಲ ಸಿಸ್ಟರ್, ಮನೇಲೇ ಇದೀನಿ" ಅಂತೀರಿ!

ಮುಂದಿನ ಸಭೆಗೆ ಒಂದು ದಿನದ ಲೆಕ್ಕ ಬರೆದು ತನ್ನಿ. ನೀರು, ಒಲೆ, ಬಟ್ಟೆ, ದನ, ಮಕ್ಕಳು: ಯಾವ ಕೆಲಸ ಯಾರು, ಎಷ್ಟು ಹೊತ್ತು ಮಾಡಿದರು? ಅದನ್ನು ಮನೆಯವರೆಲ್ಲರ ಮುಂದೆ ಓದಿ. ಜಗಳಕ್ಕಲ್ಲ, ಹಂಚಿಕೊಳ್ಳೋದಕ್ಕೆ. ಮಗಳ ಓದಿನ ಗಂಟೆ ಎಲ್ಲಿ ಹೋಗ್ತಿದೆ ಅನ್ನೋದು ಆಗ ತಾನಾಗಿ ಕಾಣುತ್ತದೆ.